ತಾನಾಗಿಯೇ ಚಾಲೂ ಆಗುವ ಮೋಟಾರು

ರಾಯಚೂರಿನ ನಮ್ಮ ಬಜಾರಿನಲ್ಲಿ ಯಾರಾದರೂ ಪುಕ್ಕಟೆ ಕೆಲಸ ಮಾಡಿಕೊಟ್ಟರೆ ಮೊದಲು ಚಹಾ ಕುಡಿಸುತ್ತೇವೆ, ಆಮೇಲೆ ಅನುಮಾನ ಪಡುತ್ತೇವೆ. ನಾನಂತೂ ಚಹಾ ಹೇಳುವ ಮುಂಚೆಯೇ ಅನುಮಾನ ಪಡುವವನು. ಹೆಸರು ಉದಯಕುಮಾರ. ಮೋಟಾರು, ಸ್ಟಾರ್ಟರು, ವೈರು ಮಾರುವ ಅಂಗಡಿ ನನ್ನದು. ನನ್ನ ಗೋಡೆಗೆ ಗೋಡೆ ಹಚ್ಚಿಕೊಂಡಿರುವುದು ಅಬ್ದುಲ್ ವಹೀದ್ ಸಾಹೇಬರ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಅವರ ಪಾಲಿಗೆ, ಸುಡಲಿಕ್ಕಿರುವ ಮೋಟಾರು ನನ್ನ ಪಾಲಿಗೆ ಅಂತ ಒಬ್ಬರನ್ನೊಬ್ಬರು ಕೆಣಕುತ್ತ ನಾವಿಬ್ಬರೂ ಇಲ್ಲೇ ತಲೆ ಬೆಳ್ಳಗೆ ಮಾಡಿಕೊಂಡೆವು.

ವಹೀದ್ ಸಾಹೇಬರ ಮಗಳು ನೌಶೀನ್. ತಾಮ್ರದ ತಂತಿಯ ಸುರುಳಿಗಳ ನಡುವೆ ಕೂತು ಮಗ್ಗಿ ಕಲಿತ ಹುಡುಗಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಒಳ್ಳೆಯ ನಂಬರಿನಲ್ಲಿ ಪಾಸಾದಳು. ಒಂದೆರಡು ಕಡೆ ಕೆಲಸ ಕೇಳಿದಳು. ಒಬ್ಬರು ಫೋನ್ ಮಾಡುತ್ತೇವೆ ಅಂದರು, ಮಾಡಲಿಲ್ಲ. ಇನ್ನೊಬ್ಬರು ಮದುವೆ ಯಾವಾಗ ಅಂತ ಕೇಳಿದರು. ಅಲ್ಲಿಗೆ ಸಾಕಾಗಿ ಅಪ್ಪನ ಅಂಗಡಿಯಲ್ಲೇ ಕೂತಳು. ಅಲ್ಲಾದರೂ ಏನು? ಮೀಟರು ಕೈಯಲ್ಲಿ ಹಿಡಿದು ಇವಳು ಎದುರಿಗೇ ನಿಂತಿರುತ್ತಾಳೆ, ಬಂದ ಗಿರಾಕಿ ಇವಳ ತಲೆಯ ಮೇಲಿಂದ ಒಳಗೆ ಇಣುಕಿ, 'ಸಾಹೇಬ್ರು ಇಲ್ಲೇನ್ರಿ?' ಅನ್ನುತ್ತಾನೆ. ಮಾಡುವ ಕೆಲಸ ಇವಳದು, ಸಲಾಮು ಅಪ್ಪನಿಗೆ.

ಅವಳು ಪುಕ್ಕಟೆ ಮಾಡುತ್ತಿದ್ದ ಕೆಲಸವೆಂದರೆ ಒಂದು ಪೆಟ್ಟಿಗೆಯದು. ಅಂಗೈಗಿಂತ ತುಸು ದೊಡ್ಡದು. ಅದರೊಳಗೊಂದು ಸಿಮ್ಮು. ಹೊಲದ ಸ್ಟಾರ್ಟರಿಗೆ ಅದನ್ನು ಜೋಡಿಸಿದರೆ ಮನೆಯಲ್ಲಿ ಕೂತು ಫೋನಿನಿಂದಲೇ ಮೋಟಾರು ಚಾಲೂ ಮಾಡಬಹುದು, ಬಂದ್ ಮಾಡಬಹುದು. ಇಂಥದ್ದನ್ನು ಕಂಪನಿಗಳೂ ಮಾಡುತ್ತವೆ, ನಾನೂ ಮಾರುತ್ತೇನೆ. ಆದರೆ ಈ ಪೆಟ್ಟಿಗೆಗೆ ಒಡೆಯರಿಲ್ಲ. ಓಪನ್ ಸೋರ್ಸ್ ಅಂತ ಅದಕ್ಕೆ ಹೆಸರು. ಪೆಟ್ಟಿಗೆ ಕಟ್ಟುವ ಬಗೆ, ಅದರ ತಲೆಯೊಳಗೆ ತುಂಬುವ ಕೋಡು ಅನ್ನುವ ಬರಹ, ಎಲ್ಲವನ್ನೂ ಇಂಟರ್ನೆಟ್ಟಿನ ಒಂದು ಪುಟದಲ್ಲಿ ಬಯಲಿಗೆ ಇಟ್ಟಿದ್ದಾರೆ. ಬೇಕಾದವರು ತೆಗೆದುಕೊಳ್ಳಬಹುದು, ತಪ್ಪು ಕಂಡವರು ತಿದ್ದಬಹುದು. ತಿದ್ದುವವರಲ್ಲಿ ನಾಸಿಕದ ಕಡೆಯ ಒಬ್ಬ ಈರುಳ್ಳಿ ಬೆಳೆಗಾರ, ಸೇಲಂನ ಒಬ್ಬ ಕಾಲೇಜು ಹೆಣ್ಣುಮಗಳು, ಹೆಸರು ಓದಲಿಕ್ಕೇ ಬಾರದ ಯಾವುದೋ ದೇಶದವರೊಬ್ಬರು. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ಅವರ ಜೊತೆಗೆ ನಮ್ಮ ನೌಶೀನ್.

'ಇದರಾಗ ನಿನಗೇನು ಸಿಗತದ?' ಅಂತ ನಾನು ದಿನಕ್ಕೊಮ್ಮೆ ಕೇಳುತ್ತಿದ್ದೆ. ನನ್ನ ವ್ಯಾಪಾರಕ್ಕೆ ಏಟು ಬೀಳುತ್ತಿತ್ತು, ಹೊಟ್ಟೆಕಿಚ್ಚು ಇರದೆ ಇರುತ್ತದೆಯೇ? ಅವಳು ಒಂದು ದಿನ, 'ಟೈಂಪಾಸ್ ಅಣ್ಣಾ' ಅನ್ನುತ್ತಿದ್ದಳು. ಇನ್ನೊಂದು ದಿನ, 'ಕಲಿಯಾಕ ಆಗ್ತದ' ಅನ್ನುತ್ತಿದ್ದಳು. ಎರಡೂ ನಿಜವಲ್ಲ ಅಂತ ಅವಳ ಮುಖವೇ ಹೇಳುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಅವಳು ಆ ಕೋಡಿನಲ್ಲಿ ಒಂದು ಹೊಸ ಭಾಗ ಬರೆದು ಸೇರಿಸಿದಳು. ನಮ್ಮ ಕಡೆಯ ಕರೆಂಟಿನ ಚಂದ ನಿಮಗೆ ಗೊತ್ತಿರಬೇಕು. ಬರುತ್ತದೆ, ಹೋಗುತ್ತದೆ, ಮನಸ್ಸಾದರೆ ಮತ್ತೆ ಬರುತ್ತದೆ. ಪ್ರತಿ ಸಲ ಫೋನ್ ಹಚ್ಚಿ ಮೋಟಾರು ಎಬ್ಬಿಸುವುದು ಯಾಕೆ, ಕರೆಂಟು ಹೋಗುವ ಮುಂಚೆ ಓಡುತ್ತಿದ್ದರೆ ಬಂದ ಮೇಲೆ ತಾನಾಗಿಯೇ ಚಾಲೂ ಆಗಲಿ ಅಂತ ಬರೆದಳು. ಪುಟದವರು ನೋಡಿದರು, ಒಪ್ಪಿದರು, ಚಪ್ಪಾಳೆಯ ಚಿತ್ರ ಕಳಿಸಿದರು. ಆಮೇಲೆ ಕಟ್ಟಿದ ಪೆಟ್ಟಿಗೆಗಳಿಗೆಲ್ಲ ಅದೇ ಕೋಡು ಹೋಯಿತು. ಅವತ್ತು ಅವಳು ನಮ್ಮ ಅಂಗಡಿಗೂ ಪೇಢೆ ಹಂಚಿದಳು. ನಾನೂ ತಿಂದೆ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಸಂಜೆ ವಹೀದ್ ಸಾಹೇಬರು ಒಂದು ಮೋಟಾರಿಗೆ ತಂತಿ ಸುತ್ತಿ ಮುಗಿಸಿ ಬೆಂಚಿನ ಮೇಲೆ ಓಡಿಸಿ ನೋಡುತ್ತಿದ್ದರು. ನೌಶೀನ್ ಅದಕ್ಕೆ ತನ್ನದೇ ಪೆಟ್ಟಿಗೆ ಜೋಡಿಸಿದ್ದಳು. ಫೋನಿನಿಂದ ಬಂದ್ ಮಾಡಿದಳು. 'ಮೋಟರ್ ಬಂದ್ ಆಗೇದ್ರಿ' ಅಂತ ಫೋನಿನಲ್ಲೇ ಪೆಟ್ಟಿಗೆಯ ದನಿ ಹೇಳಿತು. ಅಷ್ಟರಲ್ಲಿ ಬಜಾರಿನ ಕರೆಂಟು ಹೋಯಿತು. ಸಾಹೇಬರು ಮೋಟಾರಿನ ತಿರುಗುವ ಶಾಫ್ಟಿನ ಮೇಲೆ ಕೈಯಿಟ್ಟು ಬೇರಿಂಗ್ ಬಿಗಿಯಾಗಿದೆಯೇ ಅಂತ ತಿರುಗಿಸಿ ನೋಡಿದರು. ಕೈ ತೆಗೆದು ಬೀಡಿಗೆ ಜೇಬು ತಡಕಾಡುತ್ತಿದ್ದಾಗ ಕರೆಂಟು ಬಂತು. ಬಂದ್ ಆಗಿದ್ದ ಮೋಟಾರು ಗುರ್ ಅಂತ ತಿರುಗಿತು.

ಗೋಡೆಯ ಈಚೆಗೆ ನನಗೆ ಕೇಳಿಸಿದ್ದು ನೌಶೀನಳ ಚೀರು. ಓಡಿ ಹೋದೆ. ಸಾಹೇಬರು ತಮ್ಮ ಬೆರಳುಗಳನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಐದಕ್ಕೆ ಐದೂ ಇದ್ದವು. ಮಗಳು ಗೋಡೆಗೆ ಆತುಕೊಂಡು ನಿಂತಿದ್ದಳು.

'ನಾ ಬರದದ್ದರಾಗ ತಪ್ಪದ ಅಣ್ಣಾ' ಅಂದಳು. 'ಸ್ಟಾರ್ಟರಿನ ಬಂದ್ ಮಾಡೋ ಕೆಂಪು ಗುಂಡಿ ಒತ್ತಿದ್ರ ಪೆಟಗಿ ಅದನ್ನ ನೆನಪಿಡ್ತದ. ಫೋನಿಂದ ಬಂದ್ ಮಾಡಿದ್ರ ಆ ಹೊತ್ತಿಗೆ ಬಂದ್ ಆಗ್ತದ, ಆದ್ರ ನೆನಪಿಡಂಗಿಲ್ಲ. ಕರೆಂಟ್ ಹೋಗಿ ಬಂತಂದ್ರ ಓಡ್ತಿದ್ದೆ ಅಂತ ತಿಳ್ಕೊಂಡು ಮತ್ತ ಚಾಲೂ ಆಗ್ತದ.'

'ಮತ್ತ ಇಷ್ಟು ದಿನ ಯಾರಿಗೂ ಕಾಣಲಿಲ್ಲೇನು?'

'ಕಂಡ್ರೂ ಮನಿ ಮಂದಿ ಯಾರೋ ಚಾಲೂ ಮಾಡ್ಯಾರ ಅಂದ್ಕೊಂಡಿರ್ತಾರ. ನೀರು ಹರದದ್ದು ಬಿಟ್ರ ಏನು ಹಾನಿ? ಆದ್ರ ನಾಳಿ?'

ನಾಳೆ ಅನ್ನುತ್ತಲೇ ನನಗೂ ಹೊಳೆಯಿತು. ಎಳ್ಳಮಾವಾಸ್ಯೆಗೆ ನಮ್ಮ ಮಂದಿ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ, ತಂದ ಅಡುಗೆಯನ್ನೇ ಭೂಮಿತಾಯಿಗೆ ಚರಗವೆಂದು ಹೊಲದ ತುಂಬ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಬದು ಒಣಗಿರಲಿ ಅಂತ ಮನೆ ಬಿಡುವ ಮುಂಚೆಯೇ ಫೋನಿನಿಂದ ಮೋಟಾರು ಬಂದ್ ಮಾಡುತ್ತಾರೆ. ಹೊಲ ಮುಟ್ಟಿದ ಮೇಲೆ ಮೋಟಾರಿಗೂ ಪೂಜೆ. ನೀರು ಹಾಕಿ ತೊಳೆದು, ವಿಭೂತಿ ಬಳಿದು, ಮೋಟಾರು ಪಂಪು ಕೂಡುವಲ್ಲಿ ಚೆಂಡುಹೂವಿನ ಹಾರ ಸುತ್ತುತ್ತಾರೆ. ತಿರುಗುವುದೂ ಅದೇ ಜಾಗ. ನಾಸಿಕದವನೂ ಸೇಲಂನವಳೂ ಕೋಡನ್ನು ಎಷ್ಟು ಸಲ ನೋಡಿದರೇನು, ರಾಯಚೂರಿನ ಮಂದಿ ಮೋಟಾರಿಗೆ ಹಾರ ಹಾಕುತ್ತಾರೆ ಅಂತ ಅವರಿಗೇನು ಕನಸು ಬಿದ್ದಿತ್ತೇ? ಗೊತ್ತಿದ್ದವಳು ನೌಶೀನ್ ಒಬ್ಬಳೇ. ಅವಳಿಗೂ ಬರೆಯುವಾಗ ಹೊಳೆಯಲಿಲ್ಲ.

ನಾನು ವ್ಯಾಪಾರಿ ಬುದ್ಧಿಯಲ್ಲೇ ಮಾತಾಡಿದೆ. 'ಸುಮ್ಮನ ತಿದ್ದಿಬಿಡು. ತಪ್ಪು ಯಾರದು ಅಂತ ಹೇಳಾಕ ಹೋಗಬ್ಯಾಡ. ಯಾರು ಕೇಳ್ತಾರ?'

ಅವಳು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಟದ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆದಳು: ಫೋನಿನಿಂದ ಬಂದ್ ಮಾಡಿದ್ದನ್ನು ನಂಬಬೇಡಿ, ಮುಟ್ಟುವ ಮುಂಚೆ ಫ್ಯೂಜ್ ಕೀಳಿ, ಜೀವಕ್ಕೆ ಅಪಾಯವಿದೆ, ತಪ್ಪು ನನ್ನದು, ನೌಶೀನ್, ರಾಯಚೂರು. ಕನ್ನಡದಲ್ಲೂ ಬರೆದಳು, ಇಂಗ್ಲಿಷಿನಲ್ಲೂ ಬರೆದಳು. ವಾಟ್ಸಾಪ್ ಗುಂಪುಗಳಿಗೆ ಹಾಕಿದಳು. ಯರಗೇರಾದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಪೆಟ್ಟಿಗೆ ಕಟ್ಟಿದ್ದ ಹುಡುಗರಿಗೆ ಫೋನ್ ಮಾಡಿದಳು. ಆಮೇಲೆ ತಲೆ ಮೇಲೆ ಕೈಯಿಟ್ಟು ಕೂತಳು. ಒಡೆಯರಿಲ್ಲದ ಪೆಟ್ಟಿಗೆಯ ಸಂಕಟವೇ ಅದು. ಯಾರು ಒಯ್ದರು, ಎಲ್ಲಿ ಹಚ್ಚಿದರು ಅಂತ ಯಾರೂ ಬರೆದಿಟ್ಟಿಲ್ಲ. ನನ್ನ ಕಂಪನಿ ಮಾಲಾದರೆ ವಾರಂಟಿ ಕಾರ್ಡಾದರೂ ಇರುತ್ತದೆ. ಬಯಲಿಗೆ ಇಟ್ಟದ್ದನ್ನು ವಾಪಸ್ ಕರೆಯುವುದು ಹೇಗೆ?

ನಮಗೆ ತಿಳಿದ ಮಟ್ಟಿಗೆ ಮಾನ್ವಿ ತಾಲೂಕಿನಲ್ಲಿ ಹೆಚ್ಚು ಪೆಟ್ಟಿಗೆ ಹಚ್ಚಿದವನು ಪೋತ್ನಾಳದ ಮೆಕ್ಯಾನಿಕ್ ಸೂಗಪ್ಪ. ಅವನು ಫೋನ್ ಎತ್ತಲಿಲ್ಲ. ಅಮಾವಾಸ್ಯೆಯ ದಿನ ಹೊತ್ತು ಮೂಡುವುದಕ್ಕೆ ನೌಶೀನಳನ್ನು ಕರೆದುಕೊಂಡು ಪೋತ್ನಾಳಕ್ಕೆ ಹೋಗಲು ನಾನು ಕಾರು ತೆಗೆದೆ. ನನ್ನ ಹೆಂಡತಿ ವಿಜಯಲಕ್ಷ್ಮಿ, 'ನಮ್ಮ ತವರು ಹೊಲಕ್ಕ ಬರಾಕ ನಿಮಗ ಟೈಮಿಲ್ಲ, ಮಂದಿ ಹೊಲಕ್ಕ ಅದ' ಅಂದಳು. ಸಂಗತಿ ಹೇಳಿದ ಮೇಲೆ ತಾನೇ ಬುತ್ತಿ ಕಟ್ಟಿ ಕಾರಿನಲ್ಲಿಟ್ಟಳು.

ದಾರಿಯುದ್ದಕ್ಕೂ ಚಕ್ಕಡಿ, ಟ್ರ್ಯಾಕ್ಟರು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಎಲ್ಲರೂ ಹೊಲದ ಕಡೆಗೇ. ಬೇರೆ ವರ್ಷವಾದರೆ ಕಣ್ಣಿಗೆ ಹಬ್ಬ. ಅವತ್ತು ಒಂದೊಂದು ಟ್ರ್ಯಾಕ್ಟರು ಕಂಡಾಗಲೂ ಇವರ ಹೊಲದಲ್ಲಿ ಆ ಪೆಟ್ಟಿಗೆ ಇದ್ದರೆ ಅನ್ನಿಸಿ ಕಾರನ್ನು ಇನ್ನಷ್ಟು ಜೋರು ಓಡಿಸುತ್ತಿದ್ದೆ. ನೌಶೀನ್ ಮಡಿಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಡು ತಿದ್ದುತ್ತಿದ್ದಳು. ತಿದ್ದಿದ್ದನ್ನು ಪುಟಕ್ಕೆ ಹಾಕಿದಳು. ಮಾನ್ವಿ ದಾಟುವಾಗ ಉತ್ತರ ಬಂತು. ಬೈಗುಳವೇ ಇರುತ್ತದೆ ಅಂತ ಅವಳಿಗೆ ಭಯ. ಓದಲಾರದೆ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಕಾರು ನಿಲ್ಲಿಸಿ ಓದಿದೆ. ಸೇಲಂನವಳು ಬರೆದಿದ್ದಳು: 'ಗಾಬರಿಯಲ್ಲಿ ತಿದ್ದಿದ್ದೀಯ. ಕರೆಂಟು ಬೆನ್ನುಬೆನ್ನಿಗೆ ಎರಡು ಸಲ ಹೋದರೆ ಇದೂ ಮರೆಯುತ್ತದೆ. ನಾನು ಸರಿಮಾಡಿ ಓಡಿಸಿ ನೋಡುತ್ತಿದ್ದೇನೆ. ನೀನು ಜನರನ್ನು ಹುಡುಕು.' ಅದರ ಕೆಳಗೆ ನಾಸಿಕದವನು, 'ನಾನು ಒಪ್ಪುವಾಗ ನೋಡಬೇಕಿತ್ತು, ನೋಡಲಿಲ್ಲ, ನನ್ನ ಹೆಸರನ್ನೂ ನಿನ್ನ ಹೆಸರಿನ ಪಕ್ಕದಲ್ಲಿ ಹಾಕಿದ್ದೇನೆ' ಅಂತ ಬರೆದಿದ್ದ.

ನೌಶೀನ್ ದುಪಟ್ಟಾದಿಂದ ಮುಖ ಒರೆಸಿಕೊಂಡು, 'ನಡೀರಿ ಅಣ್ಣಾ' ಅಂದಳು. ನಾನು ಕಾರು ಚಾಲೂ ಮಾಡಿದೆ. ಬಜಾರಿನಲ್ಲಿ ಒಂದು ಮೋಟಾರು ಸುಟ್ಟರೆ ನಾನು ಕಂಪನಿಯ ಕಡೆ ಬೆರಳು ಮಾಡುತ್ತೇನೆ, ಕಂಪನಿ ನನ್ನ ಕಡೆ ಮಾಡುತ್ತದೆ, ಇಬ್ಬರೂ ಸೇರಿ ಕರೆಂಟಿನ ಕಡೆ ಮಾಡುತ್ತೇವೆ. ತಪ್ಪಿನಲ್ಲಿ ಪಾಲು ಕೇಳಿಕೊಂಡು ಬಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸೂಗಪ್ಪ ಅಂಗಡಿಯ ಹಿಂದೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಫೋನು ಸೈಲೆಂಟಿನಲ್ಲಿತ್ತಂತೆ. ಸಂಗತಿ ಕೇಳಿ ಅರ್ಧ ಹಚ್ಚಿದ ವಿಭೂತಿಯಲ್ಲೇ ಬಂದು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಹಚ್ಚಿದ. ಒಬ್ಬ ನಕ್ಕ, ಒಬ್ಬ ಬೈದ, ಒಬ್ಬ ಫ್ಯೂಜ್ ಕಿತ್ತು ಮತ್ತೆ ಫೋನ್ ಮಾಡಿ ತಿಳಿಸಿದ. ಹೊತ್ತು ಏರುವಷ್ಟರಲ್ಲಿ ಎಲ್ಲರೂ ಸಿಕ್ಕರು, ಒಬ್ಬನನ್ನು ಬಿಟ್ಟು.

'ಹಿರೇಕೊಟ್ನೆಕಲ್ಲಿನ ವಿರೂಪಣ್ಣ ಎತ್ತವಲ್ಲ' ಅಂದ ಸೂಗಪ್ಪ. 'ಆ ಮನಷ್ಯಾ ಚರಗಕ್ಕ ಹೋಗಾಗ ಫೋನ್ ಒಯ್ಯಂಗಿಲ್ರಿ. ಮನ್ಯಾಗಿಂದ ಬಂದ್ ಮಾಡಿ, ಫೋನ್ ದೇವರ ಜಗಲಿ ಮ್ಯಾಲ ಇಟ್ಟು ಹೋಗ್ತಾನ. ಹಳ್ಳದ ದಂಡಿಗೆ ಹೊಲ. ಬಗ್ಗನ ಹೋಗ್ರಿ, ಎಲ್ಲಾರೂ ಖರೇನ ಫ್ಯೂಜ್ ಕಿತ್ತಾರೇನು ಅಂತ ನಾ ಇಲ್ಲಿ ಕೂತು ಮತ್ತ ಕೇಳ್ತೀನಿ.'

ಹಳ್ಳದ ದಂಡೆಯ ಮೇಲೆ ಕಾರು ಹೋಗಲಿಲ್ಲ. ಇಳಿದು ಓಡಿದೆವು. ಜೋಳ ಆಳೆತ್ತರ ನಿಂತಿತ್ತು, ಮುಂದೇನಿದೆ ಅಂತ ಕಾಣುತ್ತಿರಲಿಲ್ಲ. ಮೋಟಾರು ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಎಳ್ಳಮಾವಾಸ್ಯೆಯ ದಿನ, ಉಣ್ಣುವ ಹೊತ್ತಿಗೆ, ಓಡುವ ಮೋಟಾರು. ನೌಶೀನ್ ಓಡುತ್ತ ಓಡುತ್ತ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ನಮ್ಮ ಶಿವನನ್ನು ಕರೆದೆ.

ಜೋಳ ದಾಟಿದರೆ ಪಂಪು. ಅದರ ಸುತ್ತ ಚೆಂಡುಹೂವಿನ ಎಸಳು ಚೆಲ್ಲಾಪಿಲ್ಲಿ. ತಿರುಗುವ ಶಾಫ್ಟಿಗೆ ಹಾರದ ದಾರ ಸುತ್ತಿಕೊಂಡಿತ್ತು, ಅದರ ಜೊತೆಗೆ ಹಸಿರು ಸೀರೆಯ ಒಂದು ತುಂಡು. ಸುತ್ತ ಒಬ್ಬರೂ ಇಲ್ಲ. ನೌಶೀನ್ ಯಾರಾದರೂ ಇದ್ದೀರಾ ಅಂತ ಸುತ್ತಲೂ ಕೂಗಿದಳು. ನಾನು ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ, ತ್ರೀಫೇಸಿನ ಮೂರೂ ಫ್ಯೂಜ್ ಕಿತ್ತೆ. ಸದ್ದು ನಿಂತಾಗ ಬನ್ನಿಗಿಡದ ಆಚೆಯಿಂದ ಹೆಂಗಸೊಬ್ಬಳು ಬೈಯುವುದು ಕೇಳಿಸಿತು. ಬೈಗುಳ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ.

ಬನ್ನಿಗಿಡದ ನೆರಳಿನಲ್ಲಿ ವಿರೂಪಣ್ಣ ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ಮಾನಮ್ಮ ಮೊಣಕೈಯವರೆಗೆ ಅರಿಷಿಣ ಮೆತ್ತಿ ಬಟ್ಟೆ ಸುತ್ತಿಕೊಂಡಿದ್ದಳು. ಹಾರ ಸುತ್ತುವಾಗ ಕರೆಂಟು ಬಂದು, ಸೆರಗು ಸಿಕ್ಕು, ಹರಿದು, ಕೈ ತರಚಿ ಹೋಗಿತ್ತು. ಎಲುಬು ಮುರಿದಿರಲಿಲ್ಲ. ಮೋಟಾರಿನ ಹತ್ತಿರ ಹೋಗಿ ಬಂದ್ ಮಾಡಲು ಇಬ್ಬರಿಗೂ ಧೈರ್ಯ ಬಂದಿರಲಿಲ್ಲ.

'ಬಂದ್ ಮಾಡೀನಿ ಅಂದ, ಮಾಡಿಲ್ಲ' ಅಂತ ಅವಳು ನಮ್ಮ ಮುಂದೆಯೂ ಗಂಡನನ್ನು ಬಿಡಲಿಲ್ಲ. 'ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೈ ಕಡಿಯಾಕ ನಿಂತಾನ.'

ವಿರೂಪಣ್ಣ, 'ಮಾಡಿದ್ದೆ ಅನಸ್ತದ' ಅಂದ. ಮಾಡಿದ್ದೆ ಅಂತ ಅನ್ನಲಿಲ್ಲ. ತನ್ನ ಮೇಲೆಯೇ ಅವನಿಗೆ ನಂಬಿಕೆ ಹೋಗಿತ್ತು. ನಾನು ಕಂಪನಿಯ ಪಾರ್ಟಿನ ದೋಷವೇನೋ ಇರಬೇಕು ಅಂತ ತೇಲಿಸಿ ಹೇಳಲು ಬಾಯಿ ತೆರೆದೆ. ನೌಶೀನ್ ಮುಂದೆ ಬಂದಳು.

'ಅವರು ಬಂದ್ ಮಾಡ್ಯಾರ್ರಿ ಯವ್ವಾ. ಪೆಟಗಿ ಒಳಗಿಂದು ಬರದಾಕಿ ನಾನು. ತಪ್ಪು ನಂದು.'

ವಿರೂಪಣ್ಣ ತಲೆ ಎತ್ತಿದ. ಮಾನಮ್ಮ ಎದ್ದು ಬಂದು ಸುತ್ತಿದ ಕೈಯನ್ನು ನೌಶೀನಳ ಮುಖದ ಮುಂದೆ ಹಿಡಿದಳು. 'ಯಾರು ಬರಿ ಅಂದಿದ್ರು ನಿನಗ? ಯಾರರ ಕೂಲಿ ಕೊಟ್ಟಿದ್ರೇನು? ಪುಕ್ಕಟೆ ಬರದು ಮಂದಿ ಕೈ ತಗೀತಿಯೇನು?'

ನಾನು ದಿನಾ ಕೇಳುತ್ತಿದ್ದ ಪ್ರಶ್ನೆಯೇ. ಆದರೆ ಅದನ್ನು ಕೇಳುವ ಹಕ್ಕು ಆ ಕೈಗೆ ಇತ್ತು. ನೌಶೀನಳಿಗೆ ಟೈಂಪಾಸ್ ಅನ್ನಲಿಕ್ಕಾಗಲಿಲ್ಲ.

'ನಮ್ಮ ಅಂಗಡ್ಯಾಗ ನಾ ನಿಂತ್ರೂ ಮಂದಿಗೆ ಕಾಣಂಗಿಲ್ಲ ಯವ್ವಾ' ಅಂದಳು. 'ಅಪ್ಪನ್ನ ಕರಿ ಅಂತಾರ. ಆ ಪುಟದಾಗ ಹಂಗ ಯಾರೂ ಅನ್ನಲಿಲ್ಲ. ನೌಶೀನ್ ಬರದದ್ದು ಚಲೋ ಅದ ಅಂದ್ರು. ಆ ಒಂದು ಮಾತಿಗೆ ಬರದೆ. ಇನ್ನೊಮ್ಮೆ ಅನ್ನಲಿ ಅಂತ ಮತ್ತ ಬರದೆ. ಅವಸರ ಮಾಡಿದೆ. ನಿಮ್ಮ ಕೈ ನನಗ ನೆನಪಾಗಲಿಲ್ಲ.'

ಮಾನಮ್ಮ ಏನೋ ಅನ್ನಲು ಹೋದಳು. ಅಷ್ಟರಲ್ಲಿ ವಿರೂಪಣ್ಣ ಗಪ್ಪನೆ ಎದ್ದು ನಿಂತ.

'ಇನ್ನೊಂದು ಪೆಟಗಿ ಅದ' ಅಂದ. 'ಸೂಗಪ್ಪನ ಕಡಿಂದ ಎರಡು ಮಾಡಿಸಿದ್ದೆ. ಒಂದು ಶಿವಗಂಗಾನ ಮನಿಗೆ ಕಳಿಸೀನಿ.'

ಶಿವಗಂಗಾ ಅವರ ಮಗಳು. ದೇವದುರ್ಗದ ಕಡೆ, ಹೊಳೆ ದಂಡೆಯ ಊರಿಗೆ ಕೊಟ್ಟಿದ್ದರು. ಮಾನಮ್ಮನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ನೌಶೀನಳ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ನಂಬರು ಅವಳ ಬಾಯಲ್ಲೇ ಇತ್ತು. ನೌಶೀನಳ ಬೆರಳು ಎರಡು ಸಲ ತಪ್ಪು ಒತ್ತಿತು. ನಾನು ಫೋನ್ ಇಸಿದುಕೊಂಡು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಿದರು.

'ಯಾರ್ರಿ?'

'ಶಿವಗಂಗಾ, ನಾ ನಿಮ್ಮವ್ವ. ಎಲ್ಲಿದ್ದಿ?'

'ಹೊಲದಾಗಬೇ. ಮೋಟರ್ ತೊಳ್ಯಾಕತ್ತೀನಿ.'

'ಕೈ ತಗಿ. ಹಿಂದಕ್ಕ ಸರಿ.'

'ಬಂದ್ ಅದಬೇ. ಇವರು ಮುಂಜಾನೇನ ಫೋನಿಂದ ಬಂದ್ ಮಾಡ್ಯಾರ. ಕರೆಂಟೂ ಇಲ್ಲ.'

'ಬಂದ್ ಅಂದದ್ದು ನಂಬಬ್ಯಾಡ. ಕರೆಂಟ್ ಬಂದ್ರ ತಾನ ತಿರಗತದ. ನನ್ನ ಕೈ ಹ್ವಾದಂಗ ಆಗೇದ. ಫ್ಯೂಜ್ ಕೀಳಸು, ಮೂರೂ ಕೀಳಸು. ಫೋನ್ ಇಡಬ್ಯಾಡ.'

ಆ ಕಡೆ ಶಿವಗಂಗಾ ಗಂಡ ಕೊಟ್ರೇಶನನ್ನು ಕೂಗಿದಳು. ಅವನು ದೂರದಿಂದ ಏನೋ ಅಂದ. ಮಕ್ಕಳ ಗದ್ದಲ, ತಂಬಿಗೆ ಉರುಳಿದ ಸದ್ದು, ಜೋಳದ ಗರಿ ಸವರಿಕೊಂಡು ಯಾರೋ ನಡೆದುಬರುವ ಸದ್ದು. ಆಮೇಲೆ ಏನೂ ಇಲ್ಲ. ನಾವು ನಾಲ್ವರೂ ಆ ಫೋನಿನ ಸುತ್ತ ಬಾಗಿ ನಿಂತಿದ್ದೆವು. ಬುಟ್ಟಿಯ ಕಡುಬಿಗೆ ಇರುವೆ ಮುತ್ತುತ್ತಿದ್ದವು, ಯಾರೂ ಆ ಕಡೆ ನೋಡಲಿಲ್ಲ.

'ಕಿತ್ತಾರಬೇ' ಅಂದಳು ಶಿವಗಂಗಾ. 'ಮೂರೂ ನನ್ನ ಕೈಯಾಗ ಅದಾವ.'

ಮಾನಮ್ಮ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿದಳು. ನೌಶೀನ್ ಫೋನಿನ ಹತ್ತಿರ ಬಾಗಿ, ಪೆಟ್ಟಿಗೆಯನ್ನು ಸರಿಮಾಡಿಕೊಡುವವರೆಗೆ ಫ್ಯೂಜ್ ಹಾಕಬೇಡಿರಿ, ಸೂಗಪ್ಪನನ್ನು ಕರೆದುಕೊಂಡು ನಾವೇ ಬರುತ್ತೇವೆ ಅಂತ ನಿಧಾನವಾಗಿ ಬಿಡಿಸಿ ಹೇಳಿದಳು.

'ನೀವ್ಯಾರ್ರಿ ಮಾತಾಡೋರು?' ಅಂತ ಶಿವಗಂಗಾ ಕೇಳಿದಳು.

'ನಾನು ನೌಶೀನ್ರಿ, ರಾಯಚೂರಿಂದ.'

'ಯಾವ ನೌಶೀನ್?'

ನೌಶೀನ್ ನನ್ನ ಮುಖ ನೋಡಿದಳು, ಮಾನಮ್ಮನ ಬಟ್ಟೆ ಸುತ್ತಿದ ಕೈ ನೋಡಿದಳು.

'ಯಾರೂ ಅಲ್ಲ ಬಿಡ್ರಿ' ಅಂದಳು. 'ಫ್ಯೂಜ್ ಕಿತ್ತೀರಲ್ಲ, ಸಾಕು. ನಿಮ್ಮ ಬಾಜೂ ಹೊಲದಾಗ ಇಂಥಾ ಪೆಟಗಿ ಯಾರರ ಹಚ್ಯಾರೇನು, ಅಷ್ಟು ನೋಡಿ ಹೇಳ್ರಿ.'